ಅಕ್ಕನ ಏನೂ ಆಗದ ತಟ್ಟೆಗಳು

ಮಗುವಿನ ತಲೆಯನ್ನು ಅಷ್ಟು ದೊಡ್ಡ ಆಯಸ್ಕಾಂತದೊಳಗೆ ಇಡಲು ಹೇಗೆ ಒಪ್ಪಲಿ? ಮಗಳು ಎರಡು ಸಲ ಕಣ್ಣು ಮೇಲೆ ಮಾಡಿ ಮೈ ಸೆಟೆದುಕೊಂಡ ಮೇಲೆ ಡಾಕ್ಟರು ಎಂಆರ್‌ಐ ಬರೆದುಕೊಟ್ಟಿದ್ದರು. ಸ್ಕ್ಯಾನ್ ಸೆಂಟರಿಗೆ ನೆಗಡಿಯ ನೆಪ ಹೇಳಿ ದಿನ ತಪ್ಪಿಸಿದೆ. ಆಮೇಲೆ ಅಳುವೂ ಬರಲಿಲ್ಲ. ಹಾಲು ಕಾಯಿಸಿದೆ, ಬಟ್ಟೆ ಮಡಿಸಿದೆ.

ನನ್ನ ಹೆದರಿಕೆಯ ಬೇರು ಇರುವುದು ಅಕ್ಕನ ಲ್ಯಾಬಿನಲ್ಲಿ. ದೊಡ್ಡಮ್ಮನ ಮಗಳಾದ ಅಕ್ಕ ಓದು ಮುಗಿಸಿದಾಗಿನಿಂದ ಅಲ್ಲಿ ಪುಟ್ಟ ಗಾಜಿನ ತಟ್ಟೆಗಳಲ್ಲಿ ಹಿಟ್ಟು ಹುದುಗಿಸುವ ಯೀಸ್ಟ್ ಬೆಳೆಸುತ್ತಿದ್ದಾಳೆ. ಮದುವೆಯ ಮಾತೆತ್ತಿದವರಿಗೆಲ್ಲ, "ಮಕ್ಕಳಿಗೇನು ಬರ ನಂಗೆ? ತಟ್ಟೆ ತುಂಬಾ ಇದಾವೆ" ಎನ್ನುತ್ತಿದ್ದಳು. ಶಾಲೆಯ ರಜೆಯಲ್ಲಿ ಒಮ್ಮೆ ನಾನೂ ಅಲ್ಲಿಗೆ ಹೋಗಿದ್ದೆ. ದೀಪಕ್ಕೆ ಒಡ್ಡದ ತಟ್ಟೆಯಲ್ಲಿ ಯೀಸ್ಟಿನ ಕೆನೆಬಣ್ಣದ ಚುಕ್ಕೆಗಳು ಒತ್ತೊತ್ತಾಗಿ ಎದ್ದಿದ್ದವು. ನೇರಳಾತೀತ ದೀಪದ ಕೆಳಗಿಟ್ಟದ್ದರಲ್ಲಿ ಯೀಸ್ಟೆಲ್ಲ ಸತ್ತು ತಟ್ಟೆ ಬೋಳು. ಪಕ್ಕದ ಮೇಜಿನ ಮೇಲೆ ತಾಮ್ರದ ತಂತಿ ಸುತ್ತಿದ ಆಯಸ್ಕಾಂತವಿತ್ತು. ನನ್ನ ಪಾಲಿಗೆ ದೀಪವೂ ಅದೂ ಒಂದೇ ಆಗಿ ಉಳಿದವು.

ನಿನ್ನೆ ಅಕ್ಕ ಬಂದಳು. ಕೈಯಲ್ಲಿ ಎಂದಿನಂತೆ ಸ್ಪಿರಿಟ್ ವಾಸನೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಸ್ಕ್ಯಾನ್ ಯಾವತ್ತೇ?" ಎಂದಳು.

"ಆಯಸ್ಕಾಂತದಲ್ಲಿಟ್ಟ ಯೀಸ್ಟು ಸೊರಗ್ತು ಅಂತ ಅವತ್ತು ಲ್ಯಾಬಲ್ಲಿ ನೀನೇ ಅಂದಿದ್ದೆಯಲ್ಲಕ್ಕ."

"ಅರ್ಧ ಕೇಳಿ ಓಡೋದು ನಿನ್ನ ಹುಟ್ಟುಗುಣ. ಸೊರಗಿದ್ದು ನಿಜ. ನಮ್ಮ ಪ್ರೊಫೆಸರು ಕುಣಿದಾಡಿಬಿಟ್ರು, ಪೇಪರ್ ಬರಿಯೋಣ ಅಂತ. ನಂಗ್ಯಾಕೋ ತಂತಿ ಮುಟ್ಟಿ ನೋಡೋಣ ಅನ್ನಿಸ್ತು. ಕರೆಂಟು ಹರಿದು ಜ್ವರದ ಮೈ ಥರ ಸುಡ್ತಿತ್ತು ಕಣೇ! ಯೀಸ್ಟು ಸೊರಗಿದ್ದು ಆ ಬಿಸಿಗೆ."

ತಂತಿಯ ಸುತ್ತ ತಣ್ಣೀರು ಹರಿಸಿ ಮತ್ತೆ ಮಾಡಿದಾಗ, ಆಯಸ್ಕಾಂತದಲ್ಲಿಟ್ಟ ತಟ್ಟೆಯೂ ಹೊರಗಿಟ್ಟ ತಟ್ಟೆಯೂ ಒಂದೇ ಸಮ ಬೆಳೆದವಂತೆ. ಪೇಪರ್ ಅಲ್ಲಿಗೇ ಬಿತ್ತು. ಪ್ರೊಫೆಸರು ಬಹಳ ಕಾಲ ಅವಳೊಂದಿಗೆ ಮಾತು ಬಿಟ್ಟರು.

"ಹಾಗಾದ್ರೆ ಅದು ಆ ದೀಪದ ಥರ ಕೊಲ್ಲಲ್ವಾ? ಮಗೂಗೆ ಏನೂ ಆಗಲ್ವಾ?"

"ನನ್ನ ಯೀಸ್ಟು ನಿನ್ನ ಮಗಳಲ್ಲ. ಅದನ್ನ ಡಾಕ್ಟರನ್ನ ಕೇಳು. ಆದ್ರೆ ಆ ದೀಪಾನೂ ಆಯಸ್ಕಾಂತಾನೂ ಒಂದೇ ತಕ್ಕಡೀಲಿ ತೂಗಬೇಡ. ಇವಳ ತಲೇಲಿ ಏನಿದೆ ಅಂತ ನೋಡದೆ ಕೂತಿದೀಯಲ್ಲ, ಅದಕ್ಕೆ ಹೆದರಿಕೆ ಆಗಲ್ವಾ ನಿಂಗೆ?"

ಅಕ್ಕ ಮಗುವಿನ ಬಾಯಿ ಒರೆಸಿ, ನನ್ನ ಕೈಗೆ ಕೊಟ್ಟು ಹೊರಟಳು.

ಇಂದು ಬೆಳಿಗ್ಗೆ ತುತ್ತು ಬಾಯಲ್ಲಿರುವಾಗಲೇ ಮಗಳ ಕಣ್ಣು ಮತ್ತೆ ಮೇಲಕ್ಕೆ ಹೋಯಿತು. ಒಂದು ಮಗ್ಗುಲಿಗೆ ಮಲಗಿಸಿ ತುತ್ತು ತೆಗೆದೆ. ಮೈ ಸಡಿಲವಾಗಿ ಅವಳು ಅತ್ತ ಮೇಲೆ ಡಾಕ್ಟರಿಗೆ ಫೋನ್ ಮಾಡಿದೆ.

"ಎಂಆರ್‌ಐ ಇನ್ನೂ ಮಾಡಿಸಿಲ್ಲ ಸಾರ್" ಎಂದೆ. "ನೆಗಡಿ ಅಂತ ಸ್ಕ್ಯಾನ್ ಸೆಂಟರಿಗೆ ಸುಳ್ಳು ಹೇಳಿದ್ದೆ. ನಂಗೆ ಹೆದರಿಕೆ ಆಗಿತ್ತು. ಈಗಲೇ ಕರ್ಕೊಂಡು ಬರ್ಲಾ?"