ಲಾರಿ ಹೋದ ಮೇಲೆ

ದುಬೈಯ ಅಲ್ ಕೂಜ್‌ನ ಗೋದಾಮಿನಲ್ಲಿ ಸ್ಟಾಕ್ ನೋಡಿಕೊಳ್ಳುವ ಝಹೀರ್ ತನ್ನ ಹಳೆಯ ಕಂಪ್ಯೂಟರನ್ನು ಯಾರಿಗೂ ಮುಟ್ಟಗೊಡುವುದಿಲ್ಲ. ಮಾಲೀಕರು ಲಂಡನ್ನಿನವರಾದ್ದರಿಂದ ಅದರಲ್ಲಿ ಓಡುವುದು ಲಂಡನ್ ಸಮಯ. ದುಬೈಯ ಗಡಿಯಾರ ವರ್ಷವಿಡೀ ಒಂದೇ. ಲಂಡನ್ನಿನಲ್ಲಿ ಬೇಸಿಗೆ ಬಂತೆಂದರೆ ಗಡಿಯಾರವನ್ನು ಒಂದು ಗಂಟೆ ಮುಂದೆ ಹಾಕುತ್ತಾರೆ. ಆಗ ಈ ಹಾಳು ಯಂತ್ರ ಚಳಿಗಾಲದ ಹಳೆಯ ಫೈಲುಗಳ ಸಮಯವನ್ನೂ ಒಂದು ಗಂಟೆ ಮುಂದೆ ತೋರಿಸುತ್ತದೆ.

ಅವುಗಳಲ್ಲೊಂದು ಜೊತೆಗಾರ ರಾಝಿಕ್‌ನ ಕೊನೆಯ ಫೈಲು. ಒಂದು ಜನವರಿಯಲ್ಲಿ ಅದನ್ನು ಸೇವ್ ಮಾಡಿದ ಕೂಡಲೇ ಊಟಕ್ಕೆಂದು ಹೊರಬಿದ್ದವನು ಗೇಟಿನೆದುರೇ ಲಾರಿಯಡಿಗೆ ಸಿಕ್ಕಿ ತೀರಿಕೊಂಡ.

"ಟೈಮ್ ಝೋನ್ ದುಬೈಗೆ ಹಾಕಿದ್ರೆ ಎಲ್ಲ ಸರಿ ಆಗ್ತದೆ, ಝಹೀರ್ ಭಾಯ್," ಎಂದ ರಿಪೇರಿಗೆ ಬಂದಿದ್ದ ಹರ್ಷಿತ್.

ಝಹೀರ್ ಅವನ ಕೈ ಹಿಡಿದು ತಡೆದ.

"ಬೇಡ ಮಾರಾಯ. ಬೇಸಿಗೆಯಲ್ಲಾದ್ರೂ ಅವ ಲಾರಿ ಹೋದ ಮೇಲೆ ಹೊರಡ್ಲಿ."