ಫಿದೆಲೀನಾಳ ಸುಳ್ಳು ಹೊತ್ತು

ರಾಜಧಾನಿ ಅಸುನ್ಸಿಯೋನಿನ ವಿದೇಶಾಂಗ ಕಚೇರಿಯಲ್ಲಿ ರಾಯಭಾರಿಗಳಿಗೂ ಮಂತ್ರಿಗಳಿಗೂ ಭೇಟಿ ಗೊತ್ತುಮಾಡುವ ದೋನ್ಯಾ ಫಿದೆಲೀನಾ, ಮೂವತ್ತೊಂದು ವರ್ಷದಲ್ಲಿ ಒಬ್ಬ ಮಂತ್ರಿಗಾದರೂ ನಿಜವಾದ ಹೊತ್ತು ಹೇಳಿದವಳಲ್ಲ. ಹೇಳಿದ್ದರೆ ದೇಶದ ಮಾನ ಉಳಿಯುತ್ತಿತ್ತೇ? ಹತ್ತಕ್ಕೆ ಭೇಟಿಯಿದ್ದರೆ ಮಂತ್ರಿಗೆ ಒಂಬತ್ತು ಎನ್ನುವಳು. ನಮ್ಮ ಮಂತ್ರಿಗಳು ಹೇಳಿದ ಹೊತ್ತಿಗೆ ಬಂದರೆ ಬಾಗಿಲು ಕಾಯುವವನಿಗೇ ಗುರುತು ಹತ್ತುವುದಿಲ್ಲ. ಯಾರು ಎಷ್ಟು ತಡ ಎಂಬುದೆಲ್ಲ ಅವಳ ನೀಲಿ ಪುಸ್ತಕದಲ್ಲಿತ್ತು. ಹಾಗಾಗಿ ಯಾವ ರಾಯಭಾರಿಯೂ ಕಾದು ಕಾದು ಮುಖ ಊದಿಸಿಕೊಂಡದ್ದಿಲ್ಲ.

ಹೊಸ ಮಂತ್ರಿ ದೋನ್ ಎವಾರಿಸ್ತೊ ಮೊದಲು ಡಾಕ್ಟರಾಗಿದ್ದವನು. ಬಂದ ದಿನವೇ, "ಈ ಕೆಲಸಕ್ಕೆ ಒಂದು ಕಂಪ್ಯೂಟರ್ ಸಾಕಲ್ವ?" ಎಂದುಬಿಟ್ಟ. ಫಿದೆಲೀನಾಳ ಪಿಂಚಣಿಗೆ ಇನ್ನೂ ಎರಡು ವರ್ಷ ಬಾಕಿಯಿತ್ತು. ಆದರೂ ಅಭ್ಯಾಸಬಲ ನೋಡಿ, ಒಬ್ಬ ರಾಯಭಾರಿಯೊಂದಿಗೆ ಅವನ ಮೊದಲ ಭೇಟಿ ಹತ್ತಕ್ಕಿದ್ದರೆ ಚೀಟಿಯಲ್ಲಿ ಒಂಬತ್ತು ಎಂದೇ ಬರೆದಳು.

ಆ ಪುಣ್ಯಾತ್ಮ ಒಂಬತ್ತಕ್ಕೆ ಸರಿಯಾಗಿ ಬಂದು ಕೂತ! ಬೀದಿಯಲ್ಲಿ ಬಿಸಿ ಚಿಪಾ ರೊಟ್ಟಿ ಕೊಂಡು, ಮಾರುವವಳ ಸೊಸೆಯ ರಗಳೆಯನ್ನೆಲ್ಲ ಕೇಳಿಕೊಂಡು ಫಿದೆಲೀನಾ ಬಂದದ್ದು ಒಂಬತ್ತೂವರೆಗೆ.

"ರಾಯಭಾರಿ ಎಲ್ರಮ್ಮಾ?"

"ಹತ್ತಕ್ಕೆ ಬರ್ತಾರೆ ಸ್ವಾಮಿ. ಸುಳ್ಳು ನಂದೇ." ಪುಸ್ತಕವನ್ನು ಅವನ ಮುಂದಿಟ್ಟಳು. "ಮನೆಗೆ ಕಳಿಸೋದಾದ್ರೆ ಇವತ್ತೇ ಕಳಿಸಿಬಿಡಿ."

ಅವನು ಹಾಳೆ ತಿರುವಿದ. "ನನ್ನ ಹೆಸರಿನ ಮುಂದೂ 'ಒಂದು ಗಂಟೆ ತಡ' ಅಂತಿದೆ! ನಾನು ಬಂದು ನಾಲ್ಕು ದಿನ ಆಗಿಲ್ಲ!"

"ಮಂತ್ರಿ ಅಂದ್ಮೇಲೆ ಆಗೇ ಆಗುತ್ತಲ್ಲ ಅಂತ ಮೊದಲೇ ಬರೆದಿಟ್ಟೆ."

ಮಂತ್ರಿ ನಗು ನುಂಗಿಕೊಂಡ. ಮಾಡಲು ಬೇರೆ ಕೆಲಸವೂ ಇರಲಿಲ್ಲ, ಚಿಪಾ ಘಮ್ಮೆನ್ನುತ್ತಿತ್ತು. ಇಬ್ಬರೂ ಮುರಿದುಕೊಂಡು ತಿನ್ನುವಾಗ ಫಿದೆಲೀನಾ ಮೆಲ್ಲಗೆ, "ರಾಯಭಾರಿ ಹೆಂಡ್ತಿ ಹೋದ ತಿಂಗಳು ತೀರ್ಕೊಂಡ್ರು. 'ಮನೇಲಿ ಹೇಗಿದ್ದಾರೆ' ಅಂತ ಮಾತ್ರ ಕೇಳ್ಬೇಡಿ. ಮೀನು ಹಿಡಿಯೋದು ಅಂದ್ರೆ ಅವರಿಗೆ ಪ್ರಾಣ, ಆ ಮಾತು ತೆಗೀರಿ" ಎಂದಳು. ಇಷ್ಟು ವರ್ಷದಲ್ಲಿ ಇಂಥದ್ದನ್ನು ಕೇಳುವ ಪುರುಸೊತ್ತು ಯಾವ ಮಂತ್ರಿಗಿತ್ತು!

ಇಪ್ಪತ್ತು ನಿಮಿಷದ ಭೇಟಿ ಒಂದೂವರೆ ಗಂಟೆ ನಡೆಯಿತು. ನದಿ, ಗಾಳ, ದೊಡ್ಡ ಮೀನು, ಕೊನೆಗೆ ಆರು ತಿಂಗಳಿಂದ ಕೊಳೆಯುತ್ತಿದ್ದ ಒಪ್ಪಂದಕ್ಕೆ ರುಜು.

ಸಂಜೆ ಮಂತ್ರಿಯ ಕೋಣೆಯಿಂದ ನೀಲಿ ಪುಸ್ತಕ ವಾಪಸು ಬಂತು. ಫಿದೆಲೀನಾ ತೆರೆದಳು. ಅವಳು ಎಂದೂ ಬರೆಯದ ಒಂದು ಹೆಸರನ್ನು ಯಾರೋ ಡಾಕ್ಟರ ಕಾಗೆಕಾಲು ಅಕ್ಷರದಲ್ಲಿ ಬರೆದಿದ್ದರು:

"ಫಿದೆಲೀನಾ: ಅರ್ಧ ಗಂಟೆ ತಡ. ಒಂಬತ್ತಕ್ಕೆ ಬರಬೇಕಿದ್ದರೆ ಎಂಟೂವರೆ ಎನ್ನುವುದು. ಪಿಂಚಣಿಯ ದಿನದವರೆಗೂ."

"ಅಯ್ಯೋ, ಎಂಥಾ ಅಪವಾದ!" ಎನ್ನುತ್ತಾ ಕಣ್ಣೊರೆಸಿಕೊಂಡಳು.