ಮೆಟ್ಟಿಲಿಗೆ ಅಡ್ಡ ಹಾಕಿದ ಸೊಪ್ಪು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಮೊದಲು ನಗುತ್ತಿದ್ದವನು ನಾನೇ. ಅತ್ತಿಗೆ ನನ್ನ ಬೈಕಿಗೆ ಕಟ್ಟಿದ್ದ ನಿಂಬೆಹಣ್ಣನ್ನು ಬಿಚ್ಚಿ ಪಾನಕ ಮಾಡಿ ಕುಡಿದ ಆಸಾಮಿ ನಾನು. ಈಗಲೂ ದೆವ್ವ, ದೇವರು ಎಂದು ವಾದಿಸಲು ಬಂದಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ, ನಿಮಗೇನಾದರೂ ಹೊಳೆದರೆ ನನಗೂ ತಿಳಿಸಿ.

ನಾಲ್ಕು ವರ್ಷಗಳ ಹಿಂದೆ ಅಣ್ಣನಿಗೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿದ್ದೆವು. ಬದುಕಿ ಬಂದರೆ ಬೆಟ್ಟದಪುರದ ಬೆಟ್ಟ ಹತ್ತುತ್ತೇನೆಂದು ಅವನು ಹರಕೆ ಹೊತ್ತಿದ್ದ. ಎಂಟು ತಿಂಗಳ ಮೇಲೆ ಡಾಕ್ಟರು, ಕೂತು ಕೂತು ನಿಧಾನವಾಗಿ ಹತ್ತುವುದಾದರೆ ಆಗಬಹುದು ಎಂದರು. ಒಂದು ಬೆಳಗ್ಗೆ ಅಣ್ಣ, ಅತ್ತಿಗೆ, ನಾನು ಗಾವಡಗೆರೆಯಿಂದ ಕಾರಿನಲ್ಲಿ ಹೊರಟೆವು. ದೇವರ ಹತ್ತಿರ ಹೋಗುವಾಗ ಫೋನು ಯಾಕೆ ಎಂದು ಅವರಿಬ್ಬರೂ ತಮ್ಮ ಫೋನುಗಳನ್ನು ಕಾರಿನಲ್ಲೇ ಬಿಟ್ಟರು.

ಎಲ್ಲರೂ ಹತ್ತುವುದು ಮೆಟ್ಟಿಲ ದಾರಿಯಲ್ಲಿ. ಅರ್ಧಕ್ಕಿಂತ ಸ್ವಲ್ಪ ಕೆಳಗೆ ಎಡಕ್ಕೊಂದು ಕಾಲುದಾರಿ ಒಡೆದು, ಸುತ್ತಿಕೊಂಡು ತುದಿಯ ಗುಡಿಗೇ ಸೇರುತ್ತದೆ. ಅದರ ವಿಡಿಯೊ ನೋಡಿದ್ದೆ. ಬಂಡೆಯಂಚಿನಲ್ಲಿ ನಡೆದರೆ ಕೆಳಗೆ ಕೆರೆಗಳು, ಹೊಗೆಸೊಪ್ಪಿನ ಹೊಲಗಳು, ಆಚೆ ಕೊಡಗಿನ ಬೆಟ್ಟಸಾಲು. ನನಗೆ ಅದರ ಹುಚ್ಚು ಹಿಡಿದಿತ್ತು. ಏರು ಕಡಿಮೆ, ಮಂಡಿಗೂ ಸುಲಭ ಎಂದು ಅಣ್ಣನನ್ನು ಪುಸಲಾಯಿಸಿದವನು ನಾನೇ. ಹೇಳಿದ್ದೇನೋ ಧೈರ್ಯವಾಗಿ, ಆ ದಾರಿಯಲ್ಲಿ ಒಮ್ಮೆಯೂ ಕಾಲಿಟ್ಟಿರಲಿಲ್ಲ.

"ನೀನು ಮುಂದ್ಕೋಗಿ ನೋಡ್ಕೊಂಡಿರು. ದಾರಿ ತಪ್ಪದಂಗೆ ಸೊಪ್ಪ ಆಕಿರು ಕಣ್ಲಾ," ಎಂದ ಅಣ್ಣ.

ನಮ್ಮ ಕಡೆ ಇದೊಂದು ಪದ್ಧತಿ. ಮುಂದೆ ಹೋದವರು ಕವಲಿನಲ್ಲಿ ಹಸಿ ಸೊಪ್ಪು ಮುರಿದು, ಹೋಗಬಾರದ ದಾರಿಗೆ ಅಡ್ಡ ಹಾಕುತ್ತಾರೆ. ಹಿಂದೆ ಬರುವವರು ಅದನ್ನು ದಾಟುವುದಿಲ್ಲ. ಅಲ್ಲೇ ಬೆಳೆದಿದ್ದ ಬಂದರೆ ಎಂಬ ಕುರುಚಲು ಗಿಡದ ಒಂದು ರೆಂಬೆಯನ್ನು ನಾನು ಮುರಿದು ಮೆಟ್ಟಿಲಿಗೆ ಅಡ್ಡ ಹಾಕಿ ಎಡಕ್ಕೆ ತಿರುಗಿದೆ.

ಕಾಲು ಗಂಟೆ ನಡೆದಿರಬಹುದು. ಮುಂದಕ್ಕೆ ಚಾಚಿದ ಬಂಡೆಯೊಂದರ ಅಡಿಯಲ್ಲಿ ದಾಟಿ, ಫೋಟೊ ತೆಗೆಯಲು ಹಿಂದಕ್ಕೆ ತಿರುಗಿದಾಗ ಕಂಡಿತು. ಬಂಡೆಯ ಹೊಟ್ಟೆಗೆ ಮೊರದಗಲದ ಹೆಜ್ಜೇನು ತಟ್ಟಿಗಳು, ಐದಾರು. ನಾನು ನೋಡುತ್ತಿದ್ದಂತೆಯೇ ಹದ್ದೊಂದು ಎರಗಿತು, ಹುಳಗಳೆಲ್ಲ ಎದ್ದವು.

ಟವೆಲ್ ಹೊದ್ದು ಪೊದೆಯೊಳಗೆ ಮುದುರಿಕೊಂಡೆ. ಮೂರು ಕಡೆ ಕಚ್ಚಿದವು, ಅದರ ಉರಿ ತಿಳಿಯಲಿಲ್ಲ. ಅಣ್ಣ ಈಗ ಕವಲಿಗೆ ಬಂದಿರುತ್ತಾನೆ, ಈಗ ಬಂಡೆಯ ಹತ್ತಿರ ಬಂದಿರುತ್ತಾನೆ ಎಂದಷ್ಟೇ ತಲೆಯಲ್ಲಿ ಓಡುತ್ತಿತ್ತು. ಓಡಲಾರದ ಮನುಷ್ಯನನ್ನು ಜೇನಿನ ಬಾಯಿಗೆ ಕಳಿಸಿದೆನಲ್ಲ ಎಂದು ಅತ್ತೇಬಿಟ್ಟೆ. ಕೂಗಿದೆ. ಉತ್ತರವಿಲ್ಲ. ಗಂಟೆ ಕಳೆದರೂ ಹುಳಗಳು ದಾರಿ ಬಿಡಲಿಲ್ಲ. ಮೇಲೆ ಹೋಗಿ ಮೆಟ್ಟಿಲ ಕಡೆಯಿಂದ ಇಳಿಯೋಣವೆಂದು ತೆವಳುತ್ತಾ ಹೊರಟೆ.

ತುದಿ ತಲುಪಿದರೆ, ಗುಡಿಯ ಜಗಲಿಯ ಮೇಲೆ ಅಣ್ಣ, ಅತ್ತಿಗೆ ಕೂತು ಚಿತ್ರಾನ್ನ ತಿನ್ನುತ್ತಿದ್ದಾರೆ!

"ಕಾಲ್ದಾರೀಗೆ ಸೊಪ್ಪ ಅಡ್ಡ ಆಕಿದ್ಯಲ್ಲ, ಅದುಕ್ಕೇ ಮೆಟ್ಲಲ್ಲೇ ಬಂದೋ. ನೀನು ಎಲ್ಲೋ ಪಟ ತೆಗೀತಾ ನಿಂತಿರ್ತೀಯ ಅಂದ್ಕೊಂಡೋ," ಎಂದ ಅಣ್ಣ. ಅತ್ತಿಗೆ ನನ್ನ ಊದಿದ ಮುಖ ನೋಡಿ ಹೌಹಾರಿದರು. "ಅಯ್ಯೋ, ಜೇನಾ? ಮೊದ್ಲೇ ಗೊತ್ತಾಗಿ ನಮ್ಮುನ್ನ ತಡುದ್ಯಲ್ಲಪ್ಪಾ, ನಿನ್ ವಟ್ಟೆ ತಣ್ಣಗಿರ್ಲಿ."

ನಾನು "ಹೂಂ" ಎಂದೆ.

ಇಳಿಯುವಾಗ ಕವಲಿನಲ್ಲಿ ನಿಂತೆ. ನಾನು ಮುರಿದಿದ್ದ ಅದೇ ಬಂದರೆ ರೆಂಬೆ ಕಾಲುದಾರಿಗೆ ಅಡ್ಡ ಬಿದ್ದಿತ್ತು. ಗಾಳಿಯ ಕೆಲಸ ಎನ್ನೋಣವೆಂದರೆ, ಅದರ ಮೇಲೆ ಎರಡು ಕೈಯಲ್ಲಿ ಎತ್ತಬೇಕಾದಷ್ಟು ದೊಡ್ಡ ಕಲ್ಲು. ಬೆಟ್ಟದ ಬುಡದಲ್ಲಿ ಹಣ್ಣುಕಾಯಿ ಮಾರುವ ಹೆಂಗಸನ್ನು ಕೇಳಿದೆ. "ಇವತ್ತು ನಿಮ್ ಮೂವರ್ನ ಬುಟ್ರೆ ಯಾರೂ ಅತ್ತಿಲ್ಲ ಕಣಪ್ಪ," ಎಂದಳು. ಬೇರೆ ಕಡೆಯಿಂದ ದನದವರು ಬಂದಿರಬಹುದು. ಆದರೆ ಜೇನೆದ್ದದ್ದು ಗೊತ್ತಿದ್ದವರು ಎದುರಿಗೇ ಬರುತ್ತಿದ್ದ ಅಣ್ಣನಿಗೆ ಒಂದು ಮಾತು ಹೇಳಿ ಹೋಗುತ್ತಿರಲಿಲ್ಲವೇ?

ಈಗ ಮನೆಗೆ ಯಾರೇ ನೆಂಟರು ಬಂದರೂ ಅಣ್ಣ ಈ ಕಥೆ ಹೇಳುತ್ತಾನೆ. "ನನ್ ತಮ್ಮ ಜೀವ ಉಳಿಸ್ದ," ಎನ್ನುತ್ತಾನೆ. ನಾನು ತಲೆ ತಗ್ಗಿಸಿ ಕೂರುತ್ತೇನೆ, ಅವರು ಅದನ್ನು ವಿನಯ ಎಂದುಕೊಳ್ಳುತ್ತಾರೆ. ಎದುರು ನಿಂತು ಹೇಳಲು ಬಾಯಿ ಬಾರದೆ ಇಲ್ಲಿ ಬರೆಯುತ್ತಿದ್ದೇನೆ. ಅಣ್ಣ, ನಾನು ಸೊಪ್ಪು ಹಾಕಿದ್ದು ಮೆಟ್ಟಿಲಿಗೆ. ಎತ್ತಿಟ್ಟವರು ಯಾರೋ ನನಗೆ ಇವತ್ತಿಗೂ ಗೊತ್ತಿಲ್ಲ.